ಸೊಂಟದ ಮಣೆ

ಸತ್ಯಮಂಗಲ
15-6-2025

ಭಾನು,

ಇಲ್ಲಿ ಬೆಳಗ್ಗೆ ಶೆಡ್ಡಿಗೆ ಬಂದ ಕೂಡಲೇ ಓನರು ಎಲ್ಲರ ಫೋನನ್ನೂ ಒಂದು ಪೇಂಟ್ ಡಬ್ಬಿಯಲ್ಲಿ ಹಾಕಿ ಬೀಗ ಹಾಕುತ್ತಾರೆ. ಸಂಜೆ ಮಾಡೋಣವೆಂದರೆ ಮನೆಯ ಫೋನು ಅಪ್ಪನ ಜೇಬಿನಲ್ಲಿರುತ್ತದೆ. ಅಪ್ಪನಿಗೆ ನನ್ನ ಹತ್ತಿರ ಇರುವುದು ಎರಡೇ ಪ್ರಶ್ನೆ: "ಉಂಡ್ಯಾ?" "ಕೆಲ್ಸ ಬುಟ್ಬುಟ್ಟು ಬರಲ್ಲ ತಾನೆ?" ಅದಕ್ಕೇ ಕಾಗದ. ಈರುಳ್ಳಿ ಲಾರಿಯ ದೊಡ್ಡಮಾದಣ್ಣ ವಾರಕ್ಕೆ ಎರಡು ಸಲ ದಿಂಬಂ ಘಾಟಿ ಇಳಿಯುತ್ತಾನೆ. ಅವನ ಕೈಯಲ್ಲಿ ಕೊಟ್ಟರೆ ನಿನಗೆ ಸಿಗುತ್ತದೆ. ಓದಬೇಡಣ್ಣ ಎಂದೆ. "ನಂಗ್ ಅಷ್ಟೊಂದ್ ಓದಕ್ ಬಂದಿದ್ರೆ ಲಾರಿ ಯಾಕ್ಲಾ ಓಡುಸ್ತಿದ್ದೆ" ಅಂದ.

ಟ್ರ್ಯಾಕ್ಟರಿನ ಟ್ರೈಲರ್ ಮಾಡುವ ಶೆಡ್ಡು ಇದು. ವೆಲ್ಡಿಂಗ್ ಇನ್ನೂ ಕೊಟ್ಟಿಲ್ಲ. ದಿನವಿಡೀ ಕುಕ್ಕರುಗಾಲಿನಲ್ಲಿ ಕೂತು ತುಕ್ಕು ಉಜ್ಜುತ್ತೇನೆ. ಹತ್ತನೇ ಕ್ಲಾಸು ಬಿಟ್ಟದ್ದಕ್ಕೆ ಬೇಜಾರಿಲ್ಲ. ಒಂದೇ ಕಡೆ ಕೂರಲಾರೆ ಎಂದು ಬಿಟ್ಟವನು ಈಗ ಒಂದೇ ಕಡೆ ಕೂತಿದ್ದೇನೆ, ಅದಕ್ಕೆ ಬೇಜಾರು.

ಕೊಟ್ಟಿಗೆಯ ಮೂಲೆಯಲ್ಲಿರುವ ನನ್ನ ಸಾಮಾನನ್ನು ಯಾರೂ ಮುಟ್ಟದ ಹಾಗೆ ನೋಡಿಕೊ. ಸೈಕಲ್ ಚಕ್ರದ ಕಳೆ ಯಂತ್ರ ಇದೆ. ಅದು ಕಳೆಯ ಜೊತೆ ಈರುಳ್ಳಿಯನ್ನೂ ಕಿತ್ತಿತು ನಿಜ, ಹಲ್ಲು ಬದಲಾಯಿಸಿದರೆ ಸರಿಹೋಗುತ್ತದೆ. ತೊಟ್ಟಿಲು ತೂಗಲು ಜೋಡಿಸಿದ್ದ ಲಾರಿಯ ವೈಪರ್ ಮೋಟರಿದೆ. ಅದಕ್ಕೆ ಹೆದರಿದ ಸೋಮಣ್ಣ ಮಾವನ ಮೊಮ್ಮಗು ಈಗ ಕೈಯಲ್ಲಿ ತೂಗಿದರೂ ಅಳುತ್ತದೆಯಂತೆ. ಮುಖ್ಯವಾಗಿ ಕೆರೆ ಟ್ಯೂಬು. ಟ್ರ್ಯಾಕ್ಟರ್ ಟ್ಯೂಬಿನ ಮೇಲೆ ಹಲಗೆ ಹಾಕಿ, ತೂಕಡಿಸಿದರೆ ಬೀಳದ ಹಾಗೆ ಸೊಂಟಕ್ಕೂ ಅದಕ್ಕೂ ಹಗ್ಗ ಬಿಗಿದುಕೊಂಡು, ರಜೆಯ ದಿನವೆಲ್ಲ ನೀರಿನ ಮೇಲೆ ಕೂತು ಹಾಡು ಕೇಳುತ್ತಿದ್ದೆನಲ್ಲ, ಅದು. ನಾನು ಮಾಡಿದ್ದರಲ್ಲಿ ಸರಿಯಾಗಿ ಕೆಲಸ ಮಾಡಿದ್ದು ಅದೊಂದೇ.

ನಿನ್ನ ಅಣ್ಣ,
ನೀನು ನಗುತ್ತಾ ಕರೆಯುವ ಎಂಜಿನಿಯರ್,
ಬೀರೇಶ


ಗುಮಟಾಪುರ
6-7-2025

ಅಣ್ಣನಿಗೆ,

ಮೊದಲು ತಪ್ಪು ಹೇಳಿಬಿಡುತ್ತೇನೆ. ಕೆರೆ ಟ್ಯೂಬನ್ನು ಕತ್ತರಿಸಿದೆ.

ಅವ್ವನ ಮಂಡಿ ನಿನಗೆ ಗೊತ್ತಲ್ಲ. ಸಣ್ಣ ಈರುಳ್ಳಿಗೆ ಕಳೆ ಕೀಳಲು ಬೆಳಗ್ಗೆ ಕೂತರೆ ಸಂಜೆ ನನ್ನ ಹೆಗಲು ಹಿಡಿದೇ ಏಳಬೇಕು. ಅಡುಗೆಮನೆಯ ಮಣೆಯನ್ನು ಹೊಲಕ್ಕೆ ಕೊಟ್ಟು ನೋಡಿದೆ. ಎರಡು ಕೈಯಲ್ಲೂ ಕಳೆ ಇರುತ್ತದೆ, ಮಣೆ ಎಳೆದುಕೊಳ್ಳಲು ಮೂರನೇ ಕೈ ಎಲ್ಲಿದೆ? ಹತ್ತು ಹೆಜ್ಜೆಗೆ ಮಣೆ ಹಿಂದೆ, ಅವ್ವ ಮುಂದೆ. ಆಗ ಅನ್ನಿಸಿತು, ಮಣೆಯೇ ಅವ್ವನ ಹಿಂದೆ ನಡೆದು ಬಂದರೆ?

ಟ್ಯೂಬಿನಲ್ಲಿ ಒಂದು ಗೇಣು ತುಂಡು ಮಾಡಿ, ಒಳಗೆ ಹುಲ್ಲು, ಹಳೇ ಬಟ್ಟೆ ತುರುಕಿ, ಎರಡೂ ಬಾಯಿ ಹೊಲಿದೆ. ಮೇಲೆ ರಬ್ಬರು ಇರುವುದರಿಂದ ಇಬ್ಬನಿಗೆ ನೆನೆಯುವುದಿಲ್ಲ. ಸೊಂಟಕ್ಕೆ ಒಂದು ಪಟ್ಟಿ, ಎರಡು ತೊಡೆಗೆ ಎರಡು ಕುಣಿಕೆ. ಹಗ್ಗ ಕೊರೆಯುತ್ತದೆ ಎಂದು ಹಳೇ ಸೀರೆಯ ಅಂಚಿನಿಂದ ಮಾಡಿದೆ. ಎದ್ದರೆ ಹಿಂದೆ ನೇತಾಡುತ್ತದೆ, ಕೂತರೆ ತಾನೇ ಅಡಿಗೆ ಬರುತ್ತದೆ. ಪಟ್ಟಿ ಕಟ್ಟುವುದರಲ್ಲೇ ಎಲ್ಲ ಇರುವುದು. ಬಂದಾಗ ತೋರಿಸುತ್ತೇನೆ.

ಮೊದಲ ದಿನ ಪಕ್ಕದ ಮನೆಯ ಪುಟ್ಟಮಲ್ಲಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏನವ್ವಾ ನಂಜುಂಡಮ್ಮ, ಈ ವಯಸ್ನಲ್ಲಿ ಬಾಲ ಬಂದದಲ್ಲ ನಿಂಗೆ!"

ಅವ್ವ ಎದ್ದೂ ನೋಡಲಿಲ್ಲ. "ಬಂದ್ರೆ ಬತ್ತದೆ ಬುಡು. ನಾನ್ ಬಾಲದ್ ಮ್ಯಾಲಾದ್ರೂ ಕೂತಿವ್ನಿ. ನೀನ್ ಯಾತುರ್ ಮ್ಯಾಲ್ ಕೂತಿದ್ದೀಯೆ?"

ಮೂರನೇ ದಿನ ಪುಟ್ಟಮಲ್ಲಮ್ಮ ಹಿತ್ತಲಿಗೆ ಬಂದು ಮೆಲ್ಲಗೆ, "ಕೂಸೇ, ನಂಗೂ ಒಂದ್ ಬಾಲ ಒಲ್ಕೊಡವ್ವ" ಅಂದಳು.

ಬೈಯಬೇಡ ಅಣ್ಣ. ಕಳೆ ಯಂತ್ರ, ಮೋಟರು ಹಾಗೇ ಇವೆ.

ನಿನ್ನ ತಂಗಿ,
ಭಾನು


ಸತ್ಯಮಂಗಲ
13-7-2025

ಭಾನು,

ಬೈಯುವುದಿಲ್ಲ. ಅವ್ವನ ಮಂಡಿಗೆ ಆಯಿತೆಂದರೆ ನನ್ನ ಟ್ಯೂಬು ಹೋದರೆ ಹೋಗಲಿ. ಹೀಗೆ ಬರೆಯುವುದು ಸುಲಭ, ಬರೆದಿದ್ದೇನೆ. ಆದರೆ ನಿನ್ನ ಕಾಗದವನ್ನು ಎರಡನೇ ಸಲ ಓದುವಾಗ ಒಂದು ಕಡೆ ನಿಂತೆ. ಟ್ಯೂಬಿನ ಮೇಲೆ ಕೂರುವುದು, ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳುವುದು. ಇದನ್ನು ನಾನು ಕೆರೆಯಲ್ಲಿ ಮಾಡುತ್ತಿದ್ದೆ. ನೀನು ದಡದಲ್ಲಿ ಬಟ್ಟೆ ಒಗೆಯುತ್ತಾ ನೋಡುತ್ತಿದ್ದೆ. ಜ್ಞಾಪಕ ಇದೆಯೇ ಎಂದು ಕೇಳುತ್ತಿದ್ದೇನೆ, ಅಷ್ಟೇ.

ಇನ್ನು ಎಷ್ಟು ಜನಕ್ಕೆ ಹೊಲಿದುಕೊಟ್ಟೆ?

ಬೀರೇಶ


ಗುಮಟಾಪುರ
10-8-2025

ಅಣ್ಣನಿಗೆ,

ಹದಿನಾಲ್ಕು! ನಿನ್ನ ಟ್ಯೂಬು ಎಂದೋ ಮುಗಿಯಿತು. ತಾಳವಾಡಿಯ ಪಂಕ್ಚರ್ ಅಂಗಡಿಯವರು ಹರಿದ ಟ್ಯೂಬೆಲ್ಲ ನನಗೇ ಎತ್ತಿಡುತ್ತಾರೆ. ಈಗ ಬೆಳಗ್ಗೆ ಹೊಲಕ್ಕೆ ಹೋಗುವ ಹೆಂಗಸರನ್ನು ಹಿಂದಿನಿಂದ ನೋಡಿದರೆ ಎಲ್ಲರಿಗೂ ಬಾಲ. ಸೋಮಣ್ಣ ಮಾವ ಕಟ್ಟೆಯ ಮೇಲೆ ಕೂತು "ಓದ್ವು ನೋಡ್ಲಾ ಕೋತಿ ಇಂಡು" ಅಂದನಂತೆ. ಅವನ ಹೆಂಡತಿ ಅವತ್ತು ಅವನಿಗೆ ತಣ್ಣನೆ ಮುದ್ದೆ ಇಟ್ಟಳಂತೆ.

ಲೋಕೇಶ್ವರಿ ಟೀಚರ್ ನಮ್ಮ ಹೊಲದ ಬದುವಿನ ಮೇಲೆ ನಿಂತು ಒಂದು ಗಂಟೆ ನೋಡಿದರು. ತಾವೇ ಕಟ್ಟಿಕೊಂಡು ಕೂತರು, ಎದ್ದರು, ಕೂತರು. ಸೆಪ್ಟೆಂಬರ್ ಹನ್ನೆರಡಕ್ಕೆ ಈರೋಡಿನಲ್ಲಿ ಮಕ್ಕಳ ವಸ್ತು ಪ್ರದರ್ಶನ ಇದೆ. ನಮ್ಮ ಶಾಲೆಯಿಂದ ಒಬ್ಬರನ್ನೇ ಕಳಿಸುವುದು. ನನ್ನ ಹೆಸರು ಬರೆದಿದ್ದಾರೆ. ಅಪ್ಪ ಒಪ್ಪಿದ್ದಾರೆ!

ನಾನು ಹದಿನೈದು ವರ್ಷದಲ್ಲಿ ಒಂದು ಸಲವೂ ದಿಂಬಂ ಇಳಿದಿಲ್ಲ ಅಣ್ಣ. ಇಪ್ಪತ್ತೇಳು ತಿರುವು ಎಂದು ನೀನು ಹೇಳಿದ್ದೀಯಲ್ಲ, ನಿಜವೋ ಸುಳ್ಳೋ ಎಣಿಸುತ್ತೇನೆ. ಬಸ್ಸು ಸತ್ಯಮಂಗಲದಲ್ಲಿ ನಿಲ್ಲುತ್ತದಂತೆ. ನೀನು ಬಸ್ ಸ್ಟ್ಯಾಂಡಿಗೆ ಬಂದಿರು. ಕಿಟಕಿಯಿಂದ ಕೈ ಬೀಸುತ್ತೇನೆ.

ಕೆರೆ ಟ್ಯೂಬು ಜ್ಞಾಪಕ ಇದೆ. ನೀನು ಒಂದು ಸಲ ತೂಕಡಿಸಿ ತಲೆಕೆಳಗಾಗಿದ್ದೂ ಜ್ಞಾಪಕ ಇದೆ.

ನಿನ್ನ ತಂಗಿ,
ಭಾನು


ಸತ್ಯಮಂಗಲ
17-8-2025

ಭಾನು,

ನಾಲ್ಕು ಕಾಗದ ಬರೆದು ಹರಿದೆ. ನಾಲ್ಕರಲ್ಲೂ 'ತುಂಬಾ ಸಂತೋಷವಾಯಿತು' ಎಂದಿತ್ತು. ಅದು ಸುಳ್ಳು. ನನಗೆ ಹೊಟ್ಟೆ ಉರಿಯುತ್ತಿದೆ.

ಮೊನ್ನೆ ದೊಡ್ಡಮಾದಣ್ಣ ಲಾರಿಯಿಂದ ಇಳಿಯುತ್ತಲೇ, "ನಿನ್ ತಂಗಿ ಬಾರಿ ಎಂಜಿನಿಯರ್ ಕಣ್ಲಾ" ಅಂದ. ಊರಿನಲ್ಲಿ ಆ ಹೆಸರು ನನ್ನದು. ನನ್ನನ್ನು ಹಾಗೆ ಕರೆಯುವಾಗ ಎಲ್ಲರೂ ನಗುತ್ತಿದ್ದರು. ನಿನ್ನ ಬಗ್ಗೆ ಹೇಳುವಾಗ ಅವನು ನಗಲಿಲ್ಲ. ಆಮೇಲೆ ಶೆಡ್ಡಿನ ಎದುರು ಟೀ ಮಾರುವ ಸೆಲ್ವಿಯಕ್ಕನಿಗೂ ಹೇಳಿದ. ಸೆಲ್ವಿಯಕ್ಕ ನನ್ನನ್ನು ನೋಡಿ, ತಂಬಿಯ ಕೈಯಲ್ಲೂ ಅಂಥದ್ದೇನಾದರೂ ಇದೆಯೇ ಎಂದು ತಮಿಳಿನಲ್ಲಿ ಕೇಳಿದಳು. ನನ್ನ ಕೈಯಲ್ಲಿ ತುಕ್ಕು ಉಜ್ಜುವ ಬ್ರಷ್ ಇತ್ತು.

ಒಂಬತ್ತನೇ ಕ್ಲಾಸಿನಲ್ಲಿ ನನ್ನ ಕಳೆ ಯಂತ್ರವನ್ನು ಶಾಲೆಯ ಹಿಂದಿನ ಪಾತಿಯಲ್ಲಿ ಓಡಿಸಿ ತೋರಿಸಿದ ದಿನ ನಿನಗೆ ಗೊತ್ತು. ಒಂದು ಸಾಲು ಈರುಳ್ಳಿ ಪೂರ್ತಿ ಎದ್ದು ಬಂತು. ನಕ್ಕವರಲ್ಲಿ ನೀನೂ ಇದ್ದೆ. ನಾನು ಹಲ್ಲು, ಚೈನು, ಬೇರಿಂಗು ಎಂದು ಎರಡು ವರ್ಷ ಒದ್ದಾಡಿದೆ. ನೀನು ಹುಲ್ಲು ತುರುಕಿ ಹೊಲಿದೆ. ನಿನ್ನದನ್ನು ಹದಿನಾಲ್ಕು ಜನ ಸೊಂಟಕ್ಕೆ ಕಟ್ಟಿಕೊಂಡಿದ್ದಾರೆ, ನನ್ನದರ ಮೇಲೆ ಕೋಳಿ ಕೂರುತ್ತದೆ.

ಒಂದು ಕೇಳುತ್ತೇನೆ. ಟ್ಯೂಬು ಸೊಂಟಕ್ಕೆ ಕಟ್ಟುವುದನ್ನು ಮೊದಲು ಮಾಡಿದ್ದು ಯಾರು ಎಂದು ಟೀಚರಿಗೆ ಹೇಳಿದ್ದೀಯಾ?

ಬೀರೇಶ


ಸತ್ಯಮಂಗಲ
31-8-2025

ಲೋಕೇಶ್ವರಿ ಟೀಚರ್ ಅವರಿಗೆ,

ನಮಸ್ಕಾರ. ನಾನು ನಿಮ್ಮ ಹಳೆಯ ವಿದ್ಯಾರ್ಥಿ, ಹತ್ತನೇ ತರಗತಿ ನಡುವೆ ಬಿಟ್ಟ ಬೀರೇಶ, ಭಾನುಪ್ರಿಯಾಳ ಅಣ್ಣ. ಅವಳು ಪ್ರದರ್ಶನಕ್ಕೆ ತರುವ ಮಣೆಯನ್ನು ಮೊದಲು ಮಾಡಿದ್ದು ನನ್ನ ಟ್ಯೂಬಿನಿಂದ. ಅಂಥ ಟ್ಯೂಬಿನ ಮೇಲೆ ಕೂತು ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳುವುದನ್ನು ಮೊದಲು ಮಾಡಿದವನೂ ನಾನು. ಅವಳು ಅದನ್ನು ನೋಡಿದ್ದಾಳೆ. ಬೇಕಿದ್ದರೆ ಅವಳನ್ನೇ ಕೇಳಿ, ಅವಳು ಸುಳ್ಳು ಹೇಳುವುದಿಲ್ಲ. ಈ ಕಾಗದದಲ್ಲಿಯೂ ಸುಳ್ಳಿಲ್ಲ.

ಇಂತಿ ವಿಧೇಯ,
ಸಿ. ಬೀರೇಶ


ಗುಮಟಾಪುರ
14-9-2025

ಪ್ರದರ್ಶನದ ಫಾರಮಿನಲ್ಲಿ 'ಇದು ಪೂರ್ತಿಯಾಗಿ ನನ್ನದೇ ಯೋಚನೆ, ಬೇರೆ ಯಾರದ್ದೂ ಅಲ್ಲ' ಎಂದು ಒಂದು ಸಾಲು ಇದೆ. ಅದರ ಕೆಳಗೆ ನಾನು ಸಹಿ ಮಾಡಿದ್ದೆ. ಟೀಚರ್ ನನ್ನನ್ನು ಕರೆದು ನಿನ್ನ ಕಾಗದವನ್ನು ನನ್ನ ಕೈಗೇ ಕೊಟ್ಟು ಓದಿಸಿದರು. "ಇದು ನಿಜವೇನಮ್ಮ?" ಎಂದರು. ಒಂದೊಂದೇ ಸಾಲು ನೋಡಿದೆ. ಎಲ್ಲ ನಿಜ. ಹೌದು ಎಂದೆ. ಅವರು ಫಾರಮು ತೆಗೆದು ನನ್ನ ಸಹಿ ನೋಡಿ, "ಹಾಗಾದರೆ ಈ ಸಹಿ ಇಟ್ಟುಕೊಂಡು ನಿನ್ನನ್ನು ಕಳಿಸಲಾರೆ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ನನ್ನ ಬದಲು ನಮ್ಮ ಕ್ಲಾಸಿನ ಮನೋಹರ ಮಣ್ಣಿನ ಮಡಕೆಯ ಫ್ರಿಜ್ಜು ತೆಗೆದುಕೊಂಡು ಹೋದ. ಹನ್ನೆರಡನೇ ತಾರೀಖು ಬೆಳಗ್ಗೆ ಬಸ್ ಹತ್ತಿಸಲು ಕ್ಲಾಸಿನವರೆಲ್ಲ ಹೋಗಿದ್ದೆವು. ನಾನೂ ಹೋಗಿದ್ದೆ. ಕೈ ಬೀಸಿದೆ.

ನೀನು ಅವತ್ತು ಬಸ್ ಸ್ಟ್ಯಾಂಡಿಗೆ ಹೋಗಿದ್ದೆಯೋ ಇಲ್ಲವೋ ನನಗೆ ಬೇಡ.

ಭಾನುಪ್ರಿಯಾ ಸಿ.
ಹತ್ತನೇ ತರಗತಿ


ಸತ್ಯಮಂಗಲ
21-9-2025

ಭಾನು,

ಹೋಗಿದ್ದೆ. ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಕಾಗದ ಬರೆದ ಮೇಲೂ ನೀನು ಬರುತ್ತೀಯ ಎಂದುಕೊಂಡಿದ್ದೆ. ಟೀಚರು ಹೆಚ್ಚೆಂದರೆ ನನ್ನ ಹೆಸರನ್ನೂ ಸೇರಿಸುತ್ತಾರೆ, ನಿನ್ನ ಪಕ್ಕದಲ್ಲಿ ಬರೆಯುತ್ತಾರೆ ಎಂದುಕೊಂಡಿದ್ದೆ. ಮನೋಹರ ಮಡಕೆ ತಬ್ಬಿಕೊಂಡು ಕೂತಿದ್ದ. ನನ್ನನ್ನು ನೋಡಿ ಮುಖ ತಿರುಗಿಸಿದ.

ಉತ್ತರ ಬರೆ. ಬೈದಾದರೂ ಬರೆ.

ಅಣ್ಣ


ಸತ್ಯಮಂಗಲ
5-10-2025

ಭಾನು,

ದೊಡ್ಡಮಾದಣ್ಣ ನಾಲ್ಕು ಸಲ ಬಂದು ಹೋದ. ನಾಲ್ಕು ಸಲವೂ ಬರಿ ಕೈ ತೋರಿಸಿದ. "ಏನ್ಲಾ ಮಾಡ್ದೆ ಆ ಕೂಸ್ಗೆ?" ಅಂದ. ಹೇಳಿದೆ. ಆಮೇಲೆ ಅವನು ನನ್ನ ಹತ್ತಿರ ಟೀ ಕುಡಿಯಲಿಲ್ಲ.

ಈಗ ಹೇಳುವುದನ್ನು ಕೇಳು. ನನ್ನ ಯೋಚನೆ ಎಂದು ಹೇಳಿದವನು ಒಂದನ್ನು ಮಾಡಿ ತೋರಿಸಬೇಕಲ್ಲ, ಹಟಕ್ಕೆ ಮಾಡಲು ಕೂತೆ. ಟ್ಯೂಬು, ಹುಲ್ಲು, ಎಲ್ಲ ನೀನು ಬರೆದ ಹಾಗೆ. ಸೊಂಟಕ್ಕೆ ಮಾತ್ರ ಕಟ್ಟಿದೆ, ನಾನು ಕೆರೆಯಲ್ಲಿ ಕಟ್ಟುತ್ತಿದ್ದದ್ದು ಹಾಗೇ ತಾನೆ. ನಾಲ್ಕು ಹೆಜ್ಜೆ ನಡೆದರೆ ಮಣೆ ಮುಂದಕ್ಕೆ ತಿರುಗಿ ಹೊಟ್ಟೆಯ ಮೇಲೆ ಬರುತ್ತದೆ. ಸೆಲ್ವಿಯಕ್ಕ ಎಷ್ಟು ತಿಂಗಳು ಎಂದು ಕೇಳಿದಳು. ನೈಲಾನ್ ಹಗ್ಗದಲ್ಲಿ ತೊಡೆಗೆ ಕುಣಿಕೆ ಹಾಕಿದೆ, ಚರ್ಮ ಕಿತ್ತಿತು. ಸೀರೆ ಅಂಚು ತಂದು ಹಾಕಿದೆ, ಕೂರುವಾಗ ಮಣೆ ಒಂದು ಪಕ್ಕಕ್ಕೆ ವಾಲುತ್ತದೆ, ಧೊಪ್ಪನೆ ಬೀಳುತ್ತೇನೆ. ಐದು ಸಲ ಬಿಚ್ಚಿ ಕಟ್ಟಿದೆ. ಬರಲಿಲ್ಲ.

ನನ್ನ ಟ್ಯೂಬು ಕೂತವನನ್ನು ಕೂತಲ್ಲೇ ಹಿಡಿಯುತ್ತಿತ್ತು. ನಿನ್ನದು ನಡೆಯುವವರ ಜೊತೆ ನಡೆಯುತ್ತದೆ. ಎರಡೂ ಒಂದೇ ಅಲ್ಲ. ಆಗಸ್ಟಿನಲ್ಲೇ ನನಗೆ ಇದು ಅರ್ಧ ಗೊತ್ತಿತ್ತು. ಟೀಚರಿಗೆ ಬರೆಯುವಾಗ ನಿಜವನ್ನೆಲ್ಲ ಬರೆದೆ, ಕುಣಿಕೆಯನ್ನು ಮಾತ್ರ ಬಿಟ್ಟೆ. ಸುಳ್ಳು ಹೇಳಲಿಲ್ಲ ಎಂಬ ಧೈರ್ಯದ ಮೇಲೆ ಬಿಟ್ಟೆ. ಅವ್ವನ ಜೊತೆ ನಾನೂ ಆ ಹೊಲದಲ್ಲಿ ಎಷ್ಟೋ ವರ್ಷ ಕಳೆ ಕಿತ್ತಿದ್ದೇನೆ. ಅವ್ವ ಹೇಗೆ ಏಳುತ್ತಾಳೆ ಎಂದು ಒಂದು ದಿನವೂ ನೋಡಲಿಲ್ಲ.

ಇದನ್ನೇ ಟೀಚರಿಗೂ ಬರೆದು ಕಳಿಸಿದ್ದೇನೆ. ಪ್ರದರ್ಶನ ಮುಗಿದಿದೆ ಎಂದು ಗೊತ್ತು.

ದೀಪಾವಳಿ ಹಬ್ಬಕ್ಕೆ ಬರುತ್ತೇನೆ.

ಅಣ್ಣ


ಸತ್ಯಮಂಗಲ
26-10-2025

ಭಾನು,

ಮೂರು ದಿನ ಒಂದೇ ಮನೆಯಲ್ಲಿದ್ದೆವು. ನೀನು ನನಗೆ ಮುದ್ದೆ ಇಟ್ಟೆ, ನೀರು ಕೊಟ್ಟೆ, ಮಾತಾಡಲಿಲ್ಲ. ಗೊರೆ ಹಬ್ಬದ ದಿನ ಹೆಂಗಸರೆಲ್ಲ ಮಾಳಿಗೆ ಹತ್ತಿದ್ದರು, ನೀನು ಅಲ್ಲಿರಲಿಲ್ಲ. ಅದಕ್ಕೇ ನಡೆದದ್ದನ್ನು ಬರೆಯುತ್ತಿದ್ದೇನೆ.

ಬೀರೇಶ್ವರನ ಗುಡಿಯ ಹಿಂದೆ ಸಗಣಿ ರಾಶಿ ಸಿದ್ಧವಾಗಿತ್ತು. ಸಗಣಿ ಎರಚಾಟಕ್ಕೆ ಮೊದಲು ಚಾಡಿಕೋರನನ್ನು ಕತ್ತೆ ಮೇಲೆ ಮೆರೆಸಬೇಕಲ್ಲ. ಪ್ರತಿ ವರ್ಷ ಹುಲ್ಲಿನ ಮೀಸೆ ಕಟ್ಟಿಕೊಂಡು ಕೂರುವವನು ಸೋಮಣ್ಣ ಮಾವ. "ಅವಂಗೆ ಸೊಂಟ ಇಡ್ಕಂಡದಂತೆ. ಈ ಸಲ ಯಾರ್ಲಾ ಕೂತ್ಕತೀರಿ?" ಎಂದು ದೊಡ್ಡಯ್ಯ ತಾತ ಕೇಳಿದರು.

"ನಾನ್ ಕೂತ್ಕತೀನಿ ತಾತ" ಅಂದೆ.

"ನೀನಾ? ನೀನ್ ಯಾರ್ ಮ್ಯಾಲ್ ಚಾಡಿ ಏಳಿದ್ದೀಯ್ಲಾ?"

"ನಮ್ ಭಾನು ಮ್ಯಾಲೆ."

ಎಲ್ಲರೂ ನಕ್ಕರು. "ದಿಟವಾಗ್ಲೂ ಏಳಿದ್ದೀನಿ ತಾತ. ಅವ್ಳು ಈರೋಡ್ಗೆ ಓಗ್ದಂಗ್ ಮಾಡಿದ್ದು ನಾನೇ" ಅಂದೆ. ಆಮೇಲೆ ಯಾರೂ ನಗಲಿಲ್ಲ. ಅಪ್ಪ ಅಲ್ಲೇ ಇದ್ದರು. ಅವರಿಗೂ ಆಗಲೇ ಗೊತ್ತಾದದ್ದು. ನೀನು ಮನೆಯಲ್ಲಿ ಹೇಳಿರಲಿಲ್ಲ. ಒಂದು ಮಾತನ್ನೂ ಹೇಳಿರಲಿಲ್ಲ.

ದೊಡ್ಡಯ್ಯ ತಾತ ನನ್ನ ಮುಖವನ್ನೇ ನೋಡಿ, "ಅಂಗಾರೆ ಕತ್ತೆ ಅತ್ಲಾ" ಅಂದರು.

ಚಾಡಿಕೋರನನ್ನು ಬೈಯುವುದು ಆಟ. ಆದರೆ ಈ ಸಲ ಬೈದವರು ಆಟಕ್ಕೆ ಬೈಯಲಿಲ್ಲ. ಪುಟ್ಟಮಲ್ಲಮ್ಮ ಮಾಳಿಗೆಯ ಮೇಲಿಂದ, "ಲೋ ಮೂದೇವಿ, ಮಣೆ ನಿಂದಾ? ನನ್ ಮಂಡೀನ್ ಕೇಳೋ, ಯಾರ್ದು ಅಂತ ಏಳ್ತದೆ!" ಎಂದು ಕಿರುಚಿದಳು. ಬೀದಿಯೆಲ್ಲ ಅದನ್ನೇ ಕೂಗಿತು. ಹುಲ್ಲಿನ ಮೀಸೆ ಮೂಗಿನೊಳಗೆ ಹೋಗಿ ಸೀನು ಬರುತ್ತಿತ್ತು. ಕತ್ತೆಯ ಬೆನ್ನೆಲುಬು ನಾನು ಕೂತ ಜಾಗಕ್ಕೆಲ್ಲ ಒತ್ತುತ್ತಿತ್ತು.

ಕತ್ತೆಯಿಂದ ಇಳಿದ ಮೇಲೆ ಹೊಟ್ಟೆ ಉರಿ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೋಗಿಲ್ಲ. ಆ ಬೈಗುಳ ಕೇಳುವಾಗಲೂ, ನಾನು ಮಾಡಿದ ಒಂದು ವಸ್ತುವಿಗಾಗಿ ಯಾರಾದರೂ ಹೀಗೆ ಮಾಳಿಗೆ ಹತ್ತಿ ಕಿರುಚಿದ್ದಾರೆಯೇ ಎಂದೇ ಅನ್ನಿಸುತ್ತಿತ್ತು.

ಇನ್ನೊಂದು. ಕೆರೆಯಲ್ಲಿ ಮಿಂದು ಬರುವಾಗ ಪುಟ್ಟಮಲ್ಲಮ್ಮನ ಜಗಲಿಯ ಮೊಳೆಗೆ ಅವಳ ಮಣೆ ನೇತಾಡುತ್ತಿತ್ತು. ಸುತ್ತ ಯಾರೂ ಇರಲಿಲ್ಲ. ತಿರುಗಿಸಿ ನೋಡಿದ್ದರೆ ಕುಣಿಕೆಯ ಗುಟ್ಟು ಸಿಗುತ್ತಿತ್ತು. ಕೈ ಚಾಚಿದೆ. ಆಮೇಲೆ ತೆಗೆದೆ. ನೀನು ತೋರಿಸುತ್ತೇನೆ ಎಂದಿದ್ದೆ. ನೀನು ತೋರಿಸದೆ ನಾನು ನೋಡುವುದಿಲ್ಲ.

ಅಣ್ಣ,
ಈ ವರ್ಷದ ಚಾಡಿಕೋರ


ಗುಮಟಾಪುರ
7-12-2025

ಅಣ್ಣನಿಗೆ,

ಇಪ್ಪತ್ತೇಳು. ಎಣಿಸಿದೆ. ಹನ್ನೆರಡನೆಯದರಲ್ಲಿ ವಾಂತಿ ಬರುವ ಹಾಗಾಯಿತು, ಬರಲಿಲ್ಲ.

ನಿನ್ನೆ ಲೋಕೇಶ್ವರಿ ಟೀಚರ್ ನನ್ನನ್ನು ಸತ್ಯಮಂಗಲಕ್ಕೆ ಕರೆದುಕೊಂಡು ಹೋಗಿದ್ದರು. ಹೊಲದ ಕೆಲಸದ ಹೆಂಗಸರ ಒಂದು ಕೂಟ ಇತ್ತು. "ಅಲ್ಲಿ ಫಾರಮ್ ಇಲ್ಲ, ಸಹಿ ಇಲ್ಲ, ಬಾ" ಎಂದರು. ಅರಿಸಿನ ಕೀಳುವವರು, ಹೂ ಬಿಡಿಸುವವರು ಬಂದಿದ್ದರು. ನನ್ನ ತಮಿಳಿಗೆ ನಕ್ಕರು, ಮಣೆಗೆ ನಗಲಿಲ್ಲ. ಒಯ್ದಿದ್ದ ಆರು ಮಣೆಯನ್ನೂ ತೆಗೆದುಕೊಂಡು ಹೋದರು.

ಹಬ್ಬದ ದಿನ ನಾನು ಮಾಳಿಗೆಯ ಮೇಲೆ ಇರಲಿಲ್ಲ. ಕೊಟ್ಟಿಗೆಯಲ್ಲಿದ್ದೆ. ಅಲ್ಲಿನ ಗೋಡೆ ಬಿರುಕಿನಿಂದ ಬೀದಿ ಚೆನ್ನಾಗಿ ಕಾಣುತ್ತದೆ. ಮೀಸೆ ನಿನಗೆ ಸರಿಯಾಗಿ ಕಟ್ಟಿರಲಿಲ್ಲ.

ನೀನು ಮೊದಲ ಸಲ ದಿಂಬಂ ಇಳಿದು ಕೆಲಸಕ್ಕೆ ಹೋದೆಯಲ್ಲ, ಅವತ್ತಿನಿಂದ ಮೂರು ದಿನ ನಾನು, ನನ್ನನ್ನು ಬಿಟ್ಟು ಹೋದೆ ಎಂಬ ಸಿಟ್ಟಿಗೆ, ಮನೆಯಲ್ಲಿ ನಿನ್ನ ಹೆಸರು ಎತ್ತಲಿಲ್ಲ. ನಾಲ್ಕನೇ ದಿನ ಹೋಗಿ ನಿನ್ನ ಟ್ಯೂಬಿಗೆ ಕತ್ತರಿ ಹಾಕಿದೆ. ಪಂಕ್ಚರ್ ಅಂಗಡಿಯಲ್ಲಿ ಹರಿದದ್ದು ಸಿಗುತ್ತದೆ ಎಂದು ಆಗಲೂ ಗೊತ್ತಿತ್ತು. ಇದನ್ನು ನಾನು ಬರೆದಿರಲಿಲ್ಲ. ನಾನೂ ಸುಳ್ಳು ಹೇಳಿರಲಿಲ್ಲ, ಬಿಟ್ಟಿದ್ದೆ.

ಬಣ್ಣಾರಿ ರಸ್ತೆಯಲ್ಲಿ ಒಂದು ಲಾರಿ ಹಿಂದಕ್ಕೆ ತೆಗೆಯುತ್ತಿತ್ತು ಎಂದು ನಮ್ಮ ಬಸ್ಸು ನಿಂತಿತು. ಕಿಟಕಿಯಿಂದ ನೋಡಿದರೆ ನಿಮ್ಮ ಶೆಡ್ಡು. ನೀನು ಸೊಂಟಕ್ಕೆ ಮಣೆ ಕಟ್ಟಿಕೊಂಡು ಬಾಗಿಲಲ್ಲೇ ಟ್ರೈಲರಿನ ಅಡಿಗೆ ಬಗ್ಗಿ ತುಕ್ಕು ಉಜ್ಜುತ್ತಿದ್ದೆ. ಎದ್ದೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ, ಕೂತೆ. ಮಣೆ ವಾಲಿತು, ನೆಲಕ್ಕೆ ಕೈ ಊರಿದೆ. ಮತ್ತೆ ಎದ್ದೆ. ಟೀ ಅಂಗಡಿಯ ಅಕ್ಕ ನಗುತ್ತಿದ್ದಳು. ನೀನು ನಗುತ್ತಿರಲಿಲ್ಲ. ನಾನು ಕರೆಯಲಿಲ್ಲ. ಕೈಯನ್ನೂ ಬೀಸಲಿಲ್ಲ. ಬಸ್ಸು ಹೊರಡುವವರೆಗೆ ನಿನ್ನ ಹಿಂದಿನ ಪಟ್ಟಿಯನ್ನೇ ನೋಡಿದೆ.

ಎರಡು ಕುಣಿಕೆಯನ್ನೂ ನೇರಕ್ಕೆ ಹೊಲಿದಿದ್ದೀಯ. ಹಾಗಲ್ಲ. ಬಲತೊಡೆಯದು ಮಣೆಯ ಎಡಬದಿಯಿಂದ ಬರಬೇಕು, ಎಡತೊಡೆಯದು ಬಲಬದಿಯಿಂದ. ಹಿಂದೆ ಒಂದರ ಮೇಲೊಂದು ಅಡ್ಡ ಹಾಯಬೇಕು. ಅಡ್ಡ ಹಾಯ್ದ ಜಾಗದಲ್ಲಿ ಹೊಲಿಗೆ ಹಾಕಬೇಡ, ಅದು ಜಾರಲಿ. ಜಾರಿದರೇ ಮಣೆ ನಡುವೆ ನಿಲ್ಲುವುದು. ಇದನ್ನು ಜುಲೈಯಲ್ಲಿ ಬೇಕೆಂದೇ ಬರೆದಿರಲಿಲ್ಲ.

ಕಟ್ಟಿ ನೋಡು. ಬಂತೋ ಇಲ್ಲವೋ ದೊಡ್ಡಮಾದಣ್ಣನ ಕೈಲಿ ತಿಳಿಸು.

ನಿನ್ನ ತಂಗಿ,
ಭಾನು